ಅಕ್ಕನ ಪಡಸಾಲೆಗೊಂದು ಮುಖವಾಡ

ಮುದ್ದೇಬಿಹಾಳದಲ್ಲಿ ಅಕ್ಕ ಹೊಸ ಮನೆ ಕಟ್ಟಿಸಿದಳು. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅತ್ತಾಗಲೆಲ್ಲ ನಮ್ಮ ಎತ್ತು, ಹುಂಜ, ಬೆಕ್ಕು, ಪಕ್ಕದ ಮನೆಯ ಗಿಳಿ ತೋರಿಸಿ ನಗಿಸುತ್ತಿದ್ದಳು. ಅಂಥವಳ ವಾಸ್ತುಶಾಂತಿಗೆ ಬರೀ ಸೀರೆ ಕೊಟ್ಟರೆ ಮನಸ್ಸು ಒಪ್ಪೀತೇ? ಆ ನಾಲ್ಕನ್ನೂ ಸೇರಿಸಿ, ಅವಳ ಪಡಸಾಲೆಯ ಗೋಡೆಗೊಂದು ಮುಖವಾಡ ಮಾಡಲು ನಿರ್ಧರಿಸಿದೆ. ಇಂಡಿ ಪಟ್ಟಣದ ಕಚೇರಿಯಲ್ಲಿ ಕಾಗದದ ನಡುವೆಯೇ ಕೂದಲು ಬೆಳ್ಳಗಾದವನಿಗೆ ಕಾಗದದ ಕೆಲಸ ಬಾರದೇ!

ಹಳೆಯ ಪೇಪರು ನೆನೆಹಾಕಿ, ಮೆಂತೆ ಸೇರಿಸಿ ರುಬ್ಬಿದೆ. ಅಕ್ಕ ಕಾಗದದ ಬುಟ್ಟಿ ಮಾಡಲು ಹೀಗೇ ರುಬ್ಬುತ್ತಿದ್ದಳು. ಅಚ್ಚಿಗಾಗಿ ಹೆಂಡತಿ ಗಿರಿಜಾಳ ತವರಿನ ತಾಮ್ರದ ಕೊಡವನ್ನು, ಸದರಿಯವರ ಗಮನಕ್ಕೆ ತರದೆ, ವಶಕ್ಕೆ ಪಡೆದೆ. ಅದರ ಹೊಟ್ಟೆಯ ಮೇಲೆ ಕೊಂಬು, ಜುಟ್ಟು, ಕೊಕ್ಕು, ಮೀಸೆ ಎಲ್ಲ ಮೆತ್ತಿ, ಒಣಗಿಸಿ, ಬಣ್ಣ ಹಚ್ಚಿ, ಬಿಡಿಸಲು ಹೋದೆ.

ಬರಲಿಲ್ಲ!

ಎಳೆದೆ. ಕೊಂಬು ಕೈಗೆ ಬಂತು. ಚಾಕು ತೂರಿಸಿದೆ. ಜುಟ್ಟು ಬಿತ್ತು. ಅಷ್ಟರಲ್ಲಿ ಗಿರಿಜಾ ಬಂದಳು.

"ಅಯ್ಯ ಶಿವನ! ನಮ್ಮವ್ವ ಕೊಟ್ಟ ಕೊಡಕ್ಕ ಏನ್ ಮಾಡೀರಿ?"

"ಕಲಾಕೃತಿ," ಎಂದೆ.

"ನಾಳೆ ವಾಸ್ತುಶಾಂತಿ ಮುಗಿಯೂದ್ರಾಗ ಕೊಡ ಮೊದ್ಲಿನಂಗ ಆಗ್ಬೇಕು. ಇಲ್ಲಾಂದ್ರ ಇಂಡಿಗೆ ನೀವೊಬ್ಬರ ವಾಪಸ್ ಬರ್ರಿ. ನಾ ತವರಮನಿಗೆ ಹೊಂಟೆ!"

ಗಾಬರಿಯಲ್ಲಿ ಬಿದ್ದುದನ್ನೆಲ್ಲ ಗೋಂದಿನಿಂದ ಅಂಟಿಸಿದೆ. ಕೊಂಬು ಕೆಳಮುಖವಾಯಿತು, ಜುಟ್ಟು ಗದ್ದಕ್ಕೆ ಸೇರಿತು. ಮರುದಿನ ಕೊಡಸಮೇತ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಬಸವನ ಬಾಗೇವಾಡಿಯಲ್ಲಿ ಹತ್ತಿದ ಕೂಸೊಂದು ಅದನ್ನು ನೋಡಿ ಕಿಟಾರನೆ ಕಿರುಚಿತು. ನನ್ನನ್ನು ನಗಿಸಿದ ನಾಲ್ಕು ಪ್ರಾಣಿಗಳು ಒಟ್ಟಾಗಿ ಒಂದು ಕೂಸನ್ನು ಅಳಿಸಿದ್ದವು. ಗಿರಿಜಾ ಎದ್ದು ಬೇರೆ ಸೀಟಿಗೆ ಹೋದಳು.

ಅಕ್ಕ ಬಾಗಿಲಲ್ಲೇ ನೋಡಿ ಹಣೆ ಬಡಿದುಕೊಂಡಳು. "ಮೊದ್ಲ ಕೊಡಕ್ಕ ನೀರಾಗ ತೊಯ್ಸಿದ ಅರಿಬಿ ಸುತ್ತಬೇಕೋ ಹುಚ್ಚಪ್ಪ! ನಾ ಬುಟ್ಟಿ ಮಾಡೂದು ನೀ ಪೂರಾ ನೋಡೇ ಇಲ್ಲ."

ನಿಜ. ಮೆಂತೆಯ ವಾಸನೆಗೆ ಮೂಗು ಮುಚ್ಚಿಕೊಂಡು ಅರ್ಧಕ್ಕೇ ಓಡಿಹೋಗುತ್ತಿದ್ದೆ.

ಅಕ್ಕ ಅಂಚಿಗೆಲ್ಲ ನೀರು ಹಚ್ಚಿ, ದಾರ ಹಾಯಿಸಿ, ಮೆಲ್ಲಗೆ ಎಬ್ಬಿಸಿದಳು. ಮುಖವಾಡ ಬಿಟ್ಟಿತು! ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಕೊಡ ಫಳಫಳ ಹೊಳೆಯಿತು. ಗಿರಿಜಾ ಅದನ್ನು ಎದೆಗವಚಿಕೊಂಡು, "ನಿಮ್ಮಕ್ಕ ಇದ್ದಿದ್ದಕ್ಕ ನೀವು ಉಳದೀರಿ," ಎಂದಳು. ಅದಂತೂ ನನಗೆ ಹುಟ್ಟಿದಾಗಿನಿಂದ ಗೊತ್ತು.

"ಇದು ನಮ್ಮ ಹುಂಜದ ಜುಟ್ಟಲ್ಲೇನೋ? ಎಲ್ಲಾ ನೆನಪೈತಿ ನಿನಗ!" ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಿಗ್ಗಿ ಪಡಸಾಲೆಯ ಗೋಡೆ ತೋರಿಸಿದೆ.

"ಅಲ್ಲಿ ಬ್ಯಾಡೋ ತಮ್ಮಾ. ಹೊಸಾ ಮನಿಗೆ ದೃಷ್ಟಿಗೊಂಬಿ ಕಟ್ಟೂದಿತ್ತು. ಇದಕ್ಕಿಂತ ಚಲೋದು ಎಲ್ಲಿ ಸಿಗತೈತಿ!"

ಮುಖವಾಡ ಹೊರಬಾಗಿಲ ಮೇಲೇರಿತು. ಅಕ್ಕ ನನ್ನನ್ನು ಅದರ ಕೆಳಗೇ ನಿಲ್ಲಿಸಿಕೊಂಡು, "ನಮ್ಮ ತಮ್ಮ ಮಾಡ್ಯಾನ್ರಿ!" ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದಳು. ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು. ದೃಷ್ಟಿಗೆ ಒಂದೇ ಸಾಕಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ!