ಮೊಬೈಲಿಗೆ ಕೊಟ್ಟ ಯಜಮಾನಿಕೆ

ಸುಳ್ಳು ಹೇಳುವುದರಲ್ಲೂ ಒಂದು ಮರ್ಯಾದೆಯಿದೆ ಎಂದು ನಂಬಿಕೊಂಡು ಬಂದ ಮನುಷ್ಯ ನಾನು. ಸಂಬಂಧ ಬೇಡವಾದರೆ ನಮ್ಮ ಕಡೆ ಯಾರೂ ಬೇಡ ಎನ್ನುವುದಿಲ್ಲ, ಜಾತಕ ಕೂಡಿಬರಲಿಲ್ಲ ಎನ್ನುತ್ತಾರೆ. ತಪ್ಪನ್ನು ಗ್ರಹಗಳ ಮೇಲೆ ಹಾಕಿಬಿಟ್ಟರೆ ಮುಂದೆ ಕಡೂರಿನ ಸಂತೆಯಲ್ಲಿ ಎದುರಾದಾಗ ಎರಡೂ ಮನೆಯವರು ನಗಬಹುದು. ಇಷ್ಟು ಲೋಕಜ್ಞಾನ ನನ್ನ ಮೊಬೈಲಿಗೆ ಇರಲಿಲ್ಲ.

ತರೀಕೆರೆಯಲ್ಲಿ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಮೆಸೇಜುಗಳಿಗೆ ಉತ್ತರ ಕೊಡುವುದೇ ನನಗೊಂದು ನೌಕರಿಯಾಗಿತ್ತು. ಮೊಬೈಲಿಗೆ ಹೊಸದಾಗಿ ಬಂದ ಎಐ ಸಹಾಯಕ ಹಳೆಯ ಮೆಸೇಜುಗಳನ್ನೆಲ್ಲ ಓದಿಕೊಂಡು ತಾನೇ ಉತ್ತರ ಬರೆಯುತ್ತದೆಂದು ತಿಳಿದು ಹಿಗ್ಗಿದೆ. ಮೊದಮೊದಲು ಕಳಿಸಲೇ ಎಂದು ಪ್ರತಿಸಲ ಕೇಳುತ್ತಿತ್ತು. ನನಗೆ ರೇಗಿತು. ಎಲ್ಲಕ್ಕೂ ನನ್ನನ್ನು ಕೇಳಬೇಡ, ಮರ್ಯಾದೆಯಿಂದ ಇದ್ದದ್ದು ಇದ್ದಹಾಗೆ ಬರೆದು ಕಳಿಸುತ್ತಿರು ಎಂದು ಪೂರ್ತಿ ಅಧಿಕಾರ ಕೊಟ್ಟು ಅಜ್ಜಂಪುರಕ್ಕೆ ಗೃಹಪ್ರವೇಶಕ್ಕೆ ಹೋದೆ. ಹೋಳಿಗೆ ಊಟದ ಪಂಕ್ತಿಯಲ್ಲಿ ಎಡಬಲದವರ ಮುಂದೆ ಅದರ ಬಗ್ಗೆ ಕೊಚ್ಚಿಕೊಂಡೆ ಕೂಡ.

ಅದೇ ಹೊತ್ತಿಗೆ ಹಿರೇನಲ್ಲೂರಿನ ರುದ್ರಪ್ಪನವರು ಮೆಸೇಜು ಹಾಕಿದ್ದರು. ಹಿಟ್ಟಿನ ಮಿಲ್ಲು ನಡೆಸುವ ತಮ್ಮ ಮಗನಿಗೆ ನಮ್ಮ ಮಗಳು ಸುಮಾಳನ್ನು ಮೊದಲೇ ಕೇಳಿದ್ದರು, ಈಗ ಏನಾಯಿತೆಂದು ವಿಚಾರಿಸಿದ್ದರು. ಜಾತಕ ಕೂಡಿಬರಲಿಲ್ಲವೆಂದು ಊರಿಗೆ ಮರಳಿ ನಾನೇ ಬರೆಯುವವನಿದ್ದೆ.

ಮರುದಿನ ಅವರೇ ಮನೆಗೆ ಬಂದರು. ಕೂತು, ಕನ್ನಡಕ ಹಾಕಿಕೊಂಡು, ತಮಗೆ ಬಂದಿದ್ದ ಉತ್ತರವನ್ನು ಓದಿದರು: "ಜಾತಕ ಚೆನ್ನಾಗಿ ಕೂಡಿಬಂದಿದೆ. ತಾಯಿ, ಮಗಳು ಇಬ್ಬರಿಗೂ ಹುಡುಗ ಒಪ್ಪಿಗೆ. ಹಿಟ್ಟಿನ ಮಿಲ್ಲಿನವನನ್ನು ಅಳಿಯನೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ದಯವಿಟ್ಟು ಕ್ಷಮಿಸಿ." ನಾನು ನನ್ನ ಅಕ್ಕನಿಗೆ ಗುಟ್ಟಾಗಿ ಬರೆದಿದ್ದನ್ನು ಹಾಳಾದ್ದು ಹೆಕ್ಕಿ ತೆಗೆದು ಬಲು ವಿನಯದಿಂದ ಕಳಿಸಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದು ಮೆಷಿನ್ನು, ನನ್ನನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡಿಬಿಟ್ಟಿದೆ ಎಂದು ತೊದಲಿದೆ.

"ಕೇಳ್ದೆ ಬರೀತು, ಸರಿ ಮೇಷ್ಟ್ರೇ. ಬರ್ದಿದ್ದು ಸುಳ್ಳಾ?" ಎಂದರು ರುದ್ರಪ್ಪನವರು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಕಾಫಿ ತಂದ ಸುಮಾ ಲೋಟ ಇಟ್ಟು ಅಲ್ಲೇ ನಿಂತಳು. "ಅಪ್ಪಾ, ಅದು ನಿಮ್ಮನ್ನ ಕೇಳ್ಲಿಲ್ಲ ಅಂತ ಬೈತಿದೀರಲ್ಲ. ಬೇಡ ಅಂತ ತೀರ್ಮಾನ ಮಾಡೋವಾಗ ನೀವು ನನ್ನ ಕೇಳಿದ್ರಾ?"

ಇಷ್ಟಾದ ಮೇಲೂ ಈ ಸಂಬಂಧ ಬೇಕೋ ಎಂದು ತಮ್ಮ ಮಗನನ್ನೇ ಕೇಳಿ ಹೇಳುತ್ತೇನೆಂದು ರುದ್ರಪ್ಪನವರು ಕಾಫಿ ಮುಟ್ಟದೆ ಹೊರಟರು. ಇನ್ನೂ ಏನೂ ಹೇಳಿಲ್ಲ. ಸುಮಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮೊಬೈಲಿನ ಅಧಿಕಾರವನ್ನೆಲ್ಲ ಕಿತ್ತುಕೊಂಡು, ರುದ್ರಪ್ಪನವರಿಗೆ ನಾನೇ ಕ್ಷಮೆ ಕೇಳಿ ಬರೆಯೋಣವೆಂದು ಕೂತೆ. ಜೀವಮಾನವೆಲ್ಲ ಮಕ್ಕಳಿಂದ ಪ್ರಬಂಧ ಬರೆಸಿದವನಿಗೆ ಒಂದು ಸಾಲೂ ಹೊಳೆಯಲಿಲ್ಲ. ನಾನು ಬರೆದುಕೊಡಲೇ ಎಂದಿತು ಮೊಬೈಲು. ಈಗ ಕೇಳುತ್ತದೆ! ಬೇಡ ಎಂದು ಒತ್ತಿ, ಎದ್ದು ಹಿರೇನಲ್ಲೂರಿನ ಬಸ್ಸು ಹತ್ತಬೇಕು, ಗೊತ್ತು. ಬೆರಳು ಮಾತ್ರ ಇನ್ನೂ ಯಾವುದನ್ನೂ ಒತ್ತದೆ ನಿಂತಿದೆ.