ಗಾಳಿ ಹಿಡಿದ ಮಾವ

ನಮ್ಮ ಸೋದರಮಾವನಿಗೆ ಗಾಳಿ ಹಿಡಿದಿದೆ ಎಂದು ಹಡಗಲಿಯ ಅರ್ಧ ಊರು ನಂಬಿತ್ತು. ಉಳಿದರ್ಧ ಕಣ್ಣಾರೆ ಕಂಡಿತ್ತು! ದೆವ್ವದ ಗಾಳಿಯಲ್ಲ, ಕ್ಲೋರಿನ್ ಗಾಳಿ. ಊರಿನ ಕುಡಿಯುವ ನೀರು ಶುದ್ಧ ಮಾಡುವ ಘಟಕದಲ್ಲಿ ಆ ವಿಷದ ಸಿಲಿಂಡರುಗಳನ್ನು ನೋಡಿಕೊಳ್ಳುವುದು ಅವನ ನೌಕರಿ. ಎದುರು ಸಿಕ್ಕವರನ್ನು ಮಂದಿ "ಊಟ ಆತೇನ್ರಿ?" ಎಂದು ಕೇಳಿದರೆ, ಈತ "ಗಾಳಿ ಯಾ ಕಡಿ ಬೀಸಾಕ ಹತ್ತೈತಿ?" ಎಂದು ಕೇಳುತ್ತಿದ್ದ.

ನಮ್ಮ ಅಕ್ಕನ ಮದುವೆಯಲ್ಲಿ ಏನಾಯಿತು ಗೊತ್ತೇ? ಮದುಮಗಳಿಗೆ ಅರಿಶಿನ ಹಚ್ಚುವ ಮೊದಲೇ ಅಡುಗೆಯ ಸಿಲಿಂಡರಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕೂತು ನೋಡಿದ! ಅದೂ ನಮ್ಮ ಕಡೆಯ ಶಾಸ್ತ್ರವಿರಬೇಕೆಂದು ಬೀಗರು ಕೈಮುಗಿದರು.

ಘಟಕದ ಕೆಳಗಿನ ತಗ್ಗಿನಲ್ಲಿ ಮಲ್ಲಿಗೆ ತೋಟ. ಮೊಗ್ಗು ಬಿಡಿಸುವ ಹೆಂಗಸರಿಗೆ ವಾರಕ್ಕೊಮ್ಮೆ ಮಾವನಿಂದ ಓಟದ ಪಾಠ.

"ಈ ಗಾಳಿ ಭಾರ ಐತಿ, ನೀರಿನಂಗ ತಗ್ಗು ಹುಡುಕ್ತೈತಿ. ನೀವು ಗಾಳಿಗೆ ಅಡ್ಡ ಓಡಿ ದಿಬ್ಬ ಹತ್ರಿ!"

"ಲೇ ತಮ್ಮಾ, ನನ್ನ ಮೊಣಕಾಲು ದಿಬ್ಬ ಹತ್ತಂಗಿಲ್ಲ. ಆ ಗಾಳಿಗೇ ಸುತ್ತು ಹಾಕ್ಕೊಂಡು ಹೋಗಂತ ಹೇಳು," ಎಂದಳು ಒಬ್ಬ ಮುದುಕಿ.

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ತೋಟದವರಿಗೆ ಹೇಳಿ ಅವಳಿಗೆ ದಿಬ್ಬದ ಪಕ್ಕದ ಸಾಲು ಕೊಡಿಸಿದ.

ಒಮ್ಮೆ ಹೊಸ ಸಿಲಿಂಡರ್ ಬಂತು. ಮಾವ ಕೋಲಿಗೆ ಅರಿವೆ ಸುತ್ತಿ, ಅಮೋನಿಯದಲ್ಲಿ ಅದ್ದಿ, ವಾಲ್ವಿನ ಹತ್ತಿರ ಹಿಡಿದ. ಕ್ಲೋರಿನ್ ಸೋರುತ್ತಿದ್ದರೆ ಬಿಳಿ ಹೊಗೆ ಏಳುತ್ತದೆ. ಎದ್ದೇಬಿಟ್ಟಿತು! ಮುಖವಾಡ ಹಾಕಿಕೊಂಡು ವಾಲ್ವು ಬಿಗಿದ, ಹೊಗೆ ನಿಂತಿತು.

"ನಿಂತೈತಲ್ಲ, ಜೋಡ್ಸು. ನನಗೇನೂ ವಾಸನಿ ಬರವಲ್ದು," ಎಂದರು ಘಟಕದ ಸಾಹೇಬರು.

"ನಿಮ್ಮ ಮೂಗಿಗೆ ಬರೂತನಕ ಕಾಯಾಕ ಆಗಂಗಿಲ್ರಿ. ಕೆಳಗ ಹೆಣ್ಮಕ್ಕಳು ಅದಾರ. ವಾಪಸ್ ಒಯ್ರಿ."

ಕ್ಲೋರಿನ್ ಇಲ್ಲದೆ ಎರಡು ದಿನ ನಲ್ಲಿ ಬರಲಿಲ್ಲ. ಖಾಲಿ ಕೊಡಗಳು ಮಾವನ ಮನೆ ಮುಂದೆ ಸಾಲುಗಟ್ಟಿದವು. ಬೈಗುಳಕ್ಕೇನು ಬರವೇ? ಬೇರೆ ಸಿಲಿಂಡರ್ ಬರುವವರೆಗೂ ಆತ ಹಟ ಬಿಡಲಿಲ್ಲ.

ನನಗೂ ಸಿಟ್ಟು ಬಂದಿತ್ತು. ಅತ್ತೆಯ ಮುಂದೆ ಹೋಗಿ ರೇಗಿದೆ: "ಮಾವಗ ಮೂಗಿಲ್ಲೇನು ಅತ್ತಿ? ಎಲ್ಲಾದಕ್ಕೂ ಆ ಅರಿವಿ ಯಾಕ ಬೇಕು?"

"ಇಲ್ಲಪ್ಪಾ," ಎಂದಳು ಅತ್ತೆ ಮೆಲ್ಲಗೆ. "ನೌಕರಿ ಸೇರಿದ ವರ್ಷ ಒಂದು ಸಿಲಿಂಡರ್ ಸೋರ್ತು. ಜೀವ ಉಳೀತು, ವಾಸನಿ ತಿಳಿಯೋದು ಹೋತು. ಯಾರ ಮುಂದೂ ಹೇಳಬ್ಯಾಡ."

ಅಷ್ಟರಲ್ಲಿ ಮಾವ ಬಂದ. ಎಲೆಯ ಪೊಟ್ಟಣ ಬಿಚ್ಚಿ, ಮಲ್ಲಿಗೆ ದಂಡೆಯನ್ನು ಅತ್ತೆಯ ಕೈಗಿಟ್ಟು, "ಘಮ್ ಅಂತೈತೇನು?" ಎಂದು ಕೇಳಿದ. ಹೂವು ನೋಡಲು ಬೆಳ್ಳಗಿತ್ತು, ಘಮ ಮಾತ್ರ ಪೂರಾ ಹೋಗಿತ್ತು.

"ಓಣಿಗೆಲ್ಲಾ ಘಮ್ ಅಂತೈತ್ರಿ," ಎಂದು ಅತ್ತೆ ಮುಡಿದುಕೊಂಡಳು.

ಮಾವನ ಮುಖ ಅರಳಿತು. ನನಗೆ ಅಳು ತಡೆಯಲಾಗಲಿಲ್ಲ.