ಲಸಿಕೆ ತೋಳಿಗೆ, ದೂರು ನನ್ನ ಸಾರಿಗೆ

“ಅಕ್ಷರ ಬರದೋಳು ಮದುವೆ ಅಡುಗೆ ಹಿಡೀತಾಳಂತೆ! ಒಂದು ವರ್ಷ ನಡೆಸಿದ್ರೆ ನನ್ನ ಮೀಸೆ ಬೋಳಿಸ್ತೀನಿ” ಅಂದಿದ್ದು ನಮ್ಮ ಭಾವ. ಅಂಗಡಿಯವರು ಬೆಲ್ಲ ಕಟ್ಟಿಕೊಡುತ್ತಿದ್ದ ಪೇಪರ್ ತುಂಡುಗಳಿಂದ ಅಕ್ಷರ ಕಲಿತೆ. ನ್ಯಾಮತಿಯಲ್ಲಿ ಅಡುಗೆ ಗುತ್ತಿಗೆಯನ್ನೂ ಹಿಡಿದೆ. ಭಾವನ ಮೀಸೆ ಇನ್ನೂ ಇದೆ. ಆಡಿದ್ದನ್ನು ನಡೆಸೋ ಅಭ್ಯಾಸ ಅವರ ಮನೆತನದಲ್ಲೇ ಇಲ್ಲ.

ಭಾವನಿಗಿಂತ ಹೆಚ್ಚು ಕಾಟ ಕೊಟ್ಟದ್ದು ಕೊರೋನಾ ಲಸಿಕೆ ಬಂದ ವರ್ಷ. ಕೆಲವರಿಗೆ ಒಂದೆರಡು ದಿನ ಬಾಯಿ ಕಹಿಯಾಗುತ್ತಿತ್ತು, ನಾಲಿಗೆ ಒಣಗುತ್ತಿತ್ತು. ಅದು ನಿಜ. ಉಳಿದವರು ಆ ಸುದ್ದಿ ಕೇಳಿಯೇ ಬಾಯಿ ಕೆಡಿಸಿಕೊಂಡರು. ಬೈಗುಳ ಮಾತ್ರ ನನ್ನ ಅಡುಗೆಗೆ. “ಆಯಮ್ಮನ ಕೈರುಚಿ ಹೋಗೈತೆ” ಅಂತ ಒಮ್ಮೆ ಹಬ್ಬಿದರೆ ನನ್ನ ಒಲೆ ಆರಿದಂತೆಯೇ. ಆ ವರ್ಷ ಹೋದಲ್ಲೆಲ್ಲ ಇಂಥ ದೂರೊಂದು ಕಾದಿರುತ್ತಿತ್ತು.

ಜಗಳೂರಿನ ಪಾಯಸ

ತೊಟ್ಟಿಲು ಹಾಕುವ ಊಟ. ಬಿಳಿಚೋಡಿನಿಂದ ಬಂದಿದ್ದ ಅಜ್ಜ ಎಲೆ ಮುಂದೆ ಕೂತು ಕೂಗಿದ:

“ಏನವ್ವಾ, ಇಷ್ಟು ಖಾರ ಹಾಕೀಯ?”

“ಅಜ್ಜಾ, ನೀನು ಉಣ್ತಿರೋದು ಪಾಯಸ.”

“ಹಂಗಾದ್ರೆ ಇದು ಸೂಜಿದೇ ಕೆಲಸ. ಬಾಯೆಲ್ಲ ಹುಣ್ಣು ನೋಡು.”

ನೋಡಿದೆ. ಬಾಯಿ ಒಳಗೆಲ್ಲ ಬೆಳ್ಳಗೆ ಸುಣ್ಣ.

“ಇದೇನಜ್ಜಾ?”

“ನರ್ಸಮ್ಮ ಹೊಗೆಸೊಪ್ಪು ಬ್ಯಾಡ ಅಂದ್ಲು. ಬಿಟ್ಟೆ. ಅದ್ರ ಬದ್ಲಿಗೆ ವೀಳ್ಯದೆಲೆಗೆ ಸುಣ್ಣ ಜಾಸ್ತಿ ಸವರ್ದೆ. ಸುಣ್ಣ ಬ್ಯಾಡ ಅಂತ ಆಕೆ ಹೇಳ್ಳೇ ಇಲ್ವಲ್ಲ!”

ಚನ್ನಗಿರಿಯ ಅತ್ತೆ

ಗೃಹಪ್ರವೇಶದ ಮನೆ. ಯಜಮಾನನ ತಾಯಿ ಬೆಳಿಗ್ಗೆಯಿಂದ ಬಂದವರಿಗೆಲ್ಲ, “ಲಸಿಕೆ ಆದಾಗಿಂದ ಬಾಯಿಗೆ ರುಚಿನೇ ಇಲ್ರೀ” ಅಂತ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಮಾತ್ರ ಅವರೇ ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡರು.

“ರುಚಿ ಬಂತೇನ್ರೀ ಅಮ್ಮ?” ಅಂದೆ.

ನನ್ನ ಸೆರಗು ಹಿಡಿದು ಹತ್ತಿರ ಎಳೆದರು. “ಮೆಲ್ಲಗೆ ಅನ್ನವ್ವ, ಸೊಸೆ ಕೇಳ್ಯಾಳು. ಮೊದ್ಲು ಆಕೆ ಸಾರು ಚೆನ್ನಾಗಿಲ್ಲ ಅಂದ್ರೆ ಮನೆ ರಣರಂಗ ಆಗ್ತಿತ್ತು. ಈಗ ಆಕೆಗೂ ಲಸಿಕೆದೇ ತಪ್ಪು, ನನಗೂ ಲಸಿಕೆದೇ ತಪ್ಪು. ಮನೇಲಿ ಜಗಳಾನೇ ಇಲ್ಲ.” ಸ್ವಲ್ಪ ಯೋಚಿಸಿ ಕೇಳಿದರು, “ಎರಡನೇ ಡೋಸ್ ಯಾವಾಗ ಹಾಕ್ತಾರಂತೆ?”

ಹೊನ್ನಾಳಿಯ ಬೀಗರು

ದೊಡ್ಡ ಮನೆಯ ಮದುವೆ. ಗೆದ್ದರೆ ಆ ಬಳಗದ ಮದುವೆಗಳೆಲ್ಲ ನನ್ನವು; ಸೋತರೆ ಪಾತ್ರೆ ಮಾರಿ ಮನೆಗೆ ಹೋಗಬೇಕು. ಪಂಕ್ತಿಗೆ ಬಡಿಸುವ ಮೊದಲು ಗಂಡಿನ ಕಡೆಯ ಹಿರಿಯರು ಸಾರಿನ ರುಚಿ ನೋಡಿ ಹೂಂ ಅನ್ನುವುದು ಆ ಬಳಗದ ಪದ್ಧತಿ. ಗಂಡಿನ ತಂದೆ ಹಿಂದಿನ ದಿನವಷ್ಟೇ ಲಸಿಕೆ ಹಾಕಿಸಿಕೊಂಡಿದ್ದರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

“ಉಪ್ಪೇ ಇಲ್ವಲ್ಲಮ್ಮ!”

“ಉಪ್ಪು ಸರಿ ಐತ್ರೀ. ನಿಮ್ಮ ಬಾಯಿ ಕೆಟ್ಟೈತೆ.”

“ಗಂಡಿನ ಅಪ್ಪನ ಬಾಯಿ ಕೆಟ್ಟೈತೆ ಅಂತೀಯಾ?”

ಹೆಣ್ಣಿನ ತಂದೆ ಓಡಿ ಬಂದು ಕೈಮುಗಿದರು. “ಉಪ್ಪು ಹಾಕಿಬಿಡು ತಾಯಿ, ಮದುವೆ ನಿಂತುಹೋದೀತು.”

ಹಂಡೆಗೆ ಒಂದು ಹರಳೂ ಹಾಕಲಿಲ್ಲ. ಗಂಡಿನ ತಂದೆಯ ಬಟ್ಟಲಿಗೆ ಮಾತ್ರ ಹಾಕಿದೆ. “ಇನ್ನೊಂಚೂರು” ಅಂದರು. ಹಾಕಿದೆ. “ಇನ್ನೂ.” ಹಾಕಿದೆ. ಕೊನೆಗೆ ಅವರ ಮುಖ ಅರಳಿತು.

“ಸಾರು ಅಂದ್ರೆ ಇದು! ಬೀಗರೇ, ನೀವೂ ನೋಡ್ರಿ” ಅಂತ ಬಟ್ಟಲನ್ನು ಹೆಣ್ಣಿನ ತಂದೆಯ ಕೈಗಿಟ್ಟರು.

ಬೀಗರು ಕೊಟ್ಟದ್ದನ್ನು ಬೇಡ ಅನ್ನುವ ಹಾಗುಂಟೆ? ಪಾಪ, ಒಂದೇ ಉಸಿರಿಗೆ ಕುಡಿದರು. ಕಣ್ಣಲ್ಲಿ ನೀರು ದಳದಳ ಸುರಿಯಿತು.

ಅದನ್ನು ಕಂಡು ಗಂಡಿನ ತಂದೆಯ ಕರುಳು ಕರಗಿತು. ಬಾಚಿ ತಬ್ಬಿಕೊಂಡರು. “ಅಳಬ್ಯಾಡ್ರಿ ಬೀಗರೇ! ನಿಮ್ಮ ಮಗಳನ್ನ ನನ್ನ ಮಗಳಂಗೆ ನೋಡ್ಕೊಂತೀನಿ.”

ಸುತ್ತ ನಿಂತ ಹೆಂಗಸರೆಲ್ಲ ಸೆರಗಿಗೆ ಕಣ್ಣೊರೆಸಿಕೊಂಡರು. ನಾನು ಹಂಡೆಯನ್ನು ಹಾಗೇ ಪಂಕ್ತಿಗೆ ಕಳಿಸಿದೆ. ತಳ ಕಾಣುವ ತನಕ ಖಾಲಿಯಾಯಿತು.

ಆ ಬಳಗದ ಮದುವೆಗಳು ಈಗ ನನ್ನವೇ. ನ್ಯಾಮತಿಯಲ್ಲಿ ನನ್ನ ಹೆಸರಿನ ಮನೆ, ಪಕ್ಕದಲ್ಲಿ ಪಾತ್ರೆ ಇಡುವ ಶೆಡ್ಡು, ಸಾಗಿಸಲು ಒಂದು ಲಗೇಜ್ ಆಟೋ ಇವೆ. ಕೊಟ್ಟ ಬೆಲೆ: ಮೊಣಕೈವರೆಗೆ ಸುಟ್ಟ ಕಲೆಗಳು, ಮತ್ತೆ ಇಷ್ಟು ವರ್ಷ ಯಾವ ಮದುವೆಯಲ್ಲೂ ಪಂಕ್ತಿಯಲ್ಲಿ ಕೂತು ಉಂಡಿಲ್ಲ, ಸ್ವಂತ ಮಗಳ ಮದುವೆಯಲ್ಲೂ.